ಓರ್ಫಾಳ ಬಾಗಿಲಿಗೆ ಬಗ್ಗಿದ ಸೇತುವೆ

ಚೆಸ್ಟ್‌ನಟ್ ಗುಡ್ಡದ ಬುಡ, ಪೆನ್ಸಿಲ್ವೇನಿಯಾ
ಏಪ್ರಿಲ್ 20, 1828

ಆಬ್ನರ್,

ನಿನ್ನ ಕಾಗದ ಬಂತು. ಅಂಚೆಯವನಿಗೆ ದುಡ್ಡು ಕೊಟ್ಟು ಬಿಡಿಸಿಕೊಂಡೆ. ಗಂಡನ ಕಾಗದಕ್ಕೆ ಹೆಂಡತಿ ದುಡ್ಡು ತೆರುವುದು ಸರಿಯೇ. ಆದರೆ ಇನ್ನೊಬ್ಬ ಹೆಂಗಸಿನ ಕೈಯಡುಗೆಯ ವರ್ಣನೆಯನ್ನು ನಾನೇ ದುಡ್ಡು ತೆತ್ತು ಓದಬೇಕು ಎಂದರೆ ಅದು ಯಾವ ಊರಿನ ನ್ಯಾಯ?

ಬರೆದಿರುವುದು ಒಂದೇ ಹಾಳೆ. ಅದರಲ್ಲಿ ಸೇತುವೆಯ ವಿಷಯ ಎರಡು ಸಾಲು, ನನ್ನ ಕೆಮ್ಮು ಹೇಗಿದೆ ಎಂದು ಅರ್ಧ ಸಾಲು. ಉಳಿದದ್ದೆಲ್ಲ ಶ್ರೀಮತಿ ಟೀಗಾರ್ಡನ್. ಹಳ್ಳದ ದಂಡೆಯಲ್ಲಿ ಖಾನಾವಳಿ ನಡೆಸುವ ವಿಧವೆ, ಕೂಲಿಯವರಿಗೂ ಮೇಸ್ತ್ರಿಗಳಿಗೂ ಒಂದೇ ಮೇಜಿನಲ್ಲಿ ಬಡಿಸುವ ಪುಣ್ಯಾತ್ಗಿತ್ತಿ, ಒಣಸೇಬು ತುಂಬಿ ಬೇಯಿಸುವ ಪೈ ಮಾಡುವುದರಲ್ಲಿ ಅವಳನ್ನು ಮೀರಿಸುವವರು ಇಡೀ ಓಹಾಯೊದಲ್ಲೇ ಇಲ್ಲ. ಆ ಪೈ ಒಂದು ಹಾಳೆಯಲ್ಲಿ ಮೂರು ಸಲ ಬಂದಿದೆ. ಮೂರನೆಯ ಸಲ ಬರೆಯುವಾಗ ನಿನ್ನ ಬಾಯಲ್ಲಿ ನೀರೂರಿರಬೇಕು, ಆ ಜಾಗದಲ್ಲಿ ಶಾಯಿ ಹರಡಿದೆ.

ನಾನೂ ಪೈ ಮಾಡುತ್ತಿದ್ದೆ. ಮದುವೆಯಾದ ಆರು ವರ್ಷದಲ್ಲಿ ನೀನು ಒಂದು ದಿನ "ಚೆನ್ನಾಗಿದೆ ಕಣೇ" ಅಂದದ್ದು ನನಗೆ ನೆನಪಿಲ್ಲ. ನೀನು ತಟ್ಟೆ ಮುಂದಕ್ಕೆ ತಳ್ಳುತ್ತಿದ್ದೆ, ನಾನು ಇನ್ನೊಂದು ತುಂಡು ಹಾಕುತ್ತಿದ್ದೆ. ಅದೇ ಹೊಗಳಿಕೆ ಎಂದುಕೊಂಡಿದ್ದೆ. "ಪಾಪ, ಅವರಿಗೆ ಮಾತು ಬರಲ್ಲ, ಕಲ್ಲಿನ ಜೊತೆ ಬೆಳೆದೋರು" ಎಂದು ನನ್ನ ಅಪ್ಪನ ಮುಂದೆ ನಿನ್ನ ಪರವಾಗಿ ಜಗಳ ಬೇರೆ ಆಡಿದ್ದೆ. ಮಾತು ಬರುತ್ತದೆ, ಕೇಳುವವರು ಬೇರೆ ಇರಬೇಕು ಅಷ್ಟೇ ಎಂದು ಈಗ ತಿಳಿಯಿತು.

ಹೋದ ವರ್ಷ ಮಾರ್ಚಿನಲ್ಲಿ ಆ ಸೇತುವೆ ಕಟ್ಟಲು ಹೊರಟವನು ನೀನು. "ಮಂಜು ಬಿದ್ಮೇಲೆ ಗಾರೆ ಕೆಲಸ ನಿಲ್ಲುತ್ತೆ, ಕ್ರಿಸ್‌ಮಸ್‌ಗೆ ಬಂದ್ಬಿಡ್ತೀನಿ" ಅಂದಿದ್ದೆ. ಬರಲಿಲ್ಲ. ಕಮಾನಿಗೆ ಕೊಟ್ಟ ಮರದ ಆಸರೆಗೆ ಹಳ್ಳದ ಹಿಮಗಡ್ಡೆ ಬಂದು ಬಡಿಯುತ್ತದೆ, ಯಾರಾದರೂ ಕಾಯಬೇಕು ಎಂದು ನೀನು ಬರೆದೆ. ಹಿಮಗಡ್ಡೆ ಕಾಯುವವನು ಯಾರ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದ ಎಂದು ಆಗ ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಅವಳಿಗೆ ವಯಸ್ಸೆಷ್ಟು? ಹಲ್ಲೆಲ್ಲ ಇವೆಯೋ?

ಕೆಮ್ಮು ಹೋಗಿದೆ. ಹಸು ಹೆಣ್ಣುಗರು ಹಾಕಿದೆ.

ಇನ್ನೂ ನಿನ್ನ ಹೆಂಡತಿಯಾಗಿಯೇ ಇರುವ,
ತಿರ್ಜಾ


ಪ್ಲಮ್ ಹಳ್ಳ, ಓಹಾಯೊ
ಮೇ 11, 1828

ತಿರ್ಜಾ,

ಕೆಮ್ಮು ಹೋದದ್ದು ಒಳ್ಳೆಯದಾಯಿತು. ಕರುವನ್ನು ಮಾರಬೇಡ.

ಶ್ರೀಮತಿ ಟೀಗಾರ್ಡನ್ ಅವರ ವಯಸ್ಸು ನಾನು ಕೇಳಿಲ್ಲ. ಹಲ್ಲು ಇವೆ.

ಸೇತುವೆಯ ವಿಷಯ ಎರಡೇ ಸಾಲು ಬರೆದೆ ಎಂದು ಬೈದಿದ್ದೀಯ, ಅದಕ್ಕೆ ಈ ಸಲ ಅದನ್ನೇ ಬರೆಯುತ್ತೇನೆ. ಮರದ ಆಸರೆ ತೆಗೆದೆವು. ತೆಗೆಯುವಾಗ ನಾನು ಕಮಾನಿನ ಕೆಳಗೇ ನಿಂತಿದ್ದೆ, ಮೇಸ್ತ್ರಿಯಾದವನು ನಿಲ್ಲಬೇಕು. ಒಂದು ಕಲ್ಲೂ ಕದಲಲಿಲ್ಲ. ಈಗ ಬಂಡಿಗಳನ್ನು ಒಂದೊಂದಾಗಿ ಮೇಲೆ ಬಿಡುತ್ತಿದ್ದೇವೆ. ಇನ್ನು ಎರಡೂ ಬದಿಯ ತಡೆಗೋಡೆ ಬಾಕಿ, ಅದು ಮುಗಿಯಲು ಸೆಪ್ಟೆಂಬರ್ ಆಗಬಹುದು.

ಇಲ್ಲಿ ರಸ್ತೆ ನೇರವಾಗಿ ಪಡುವಣಕ್ಕೆ ಹೋಗುತ್ತದೆ, ಹಳ್ಳ ಅದಕ್ಕೆ ಓರೆಯಾಗಿ ಬಂದು ಅಡ್ಡ ಬೀಳುತ್ತದೆ. ರಸ್ತೆಯ ಗೆರೆಯಲ್ಲೇ ಸೇತುವೆ ಕಟ್ಟಬೇಕಾದರೆ ಕಮಾನನ್ನೂ ಓರೆಯಾಗಿ ತಿರುಚಬೇಕು. ಒಂದೊಂದು ಕಲ್ಲನ್ನೂ ಒಂದೊಂದು ಅಳತೆಗೆ ಕಡಿಯಬೇಕು, ಅಷ್ಟು ಮಾಡಿಯೂ ಅದು ನಿಲ್ಲುವ ಭರವಸೆ ಇಲ್ಲ. ಕಮಾನು ನೀರಿಗೆ ಎದುರಾಗಿ ನೆಟ್ಟಗೆ ನಿಂತರೇ ಗಟ್ಟಿ. ಹಾಗಾಗಿ ಹಳ್ಳ ದಾಟುವ ಮುಂಚೆ ರಸ್ತೆಯನ್ನು ಒಂದು ಕಡೆಗೆ ಬಗ್ಗಿಸಿ, ದಾಟಿದ ಮೇಲೆ ಇನ್ನೊಂದು ಕಡೆಗೆ ಬಗ್ಗಿಸಿ ಮತ್ತೆ ಗೆರೆಗೆ ತಂದಿದ್ದೇನೆ. ಮೇಲಿಂದ ನೋಡಿದರೆ ಎಸ್ ಅಕ್ಷರದ ಹಾಗೆ ಕಾಣುತ್ತದೆ. ಇದನ್ನು ಸೊಟ್ಟ ಎನ್ನುವವರಿಗೆ ಕಲ್ಲಿನ ವಿಷಯ ಗೊತ್ತಿಲ್ಲ.

ಇಷ್ಟು ಉದ್ದದ ಕಾಗದ ನಾನು ಯಾವತ್ತೂ ಬರೆದಿಲ್ಲ. ಕೈ ನೋಯುತ್ತಿದೆ.

ಆಬ್ನರ್ ಗಿಲ್‌ಫಿಲನ್


ಚೆಸ್ಟ್‌ನಟ್ ಗುಡ್ಡ
ಜೂನ್ 8, 1828

ಪ್ಲಮ್ ಹಳ್ಳದ ಮಹಾಮೇಸ್ತ್ರಿಗಳಿಗೆ,

ಸೇತುವೆ ಸೊಟ್ಟಗಿದೆ ಎಂದು ನಾನು ಕೇಳಿಯೇ ಇರಲಿಲ್ಲ. ನೀನಾಗಿಯೇ ಯಾಕೆ ಅಷ್ಟುದ್ದ ಸಮಜಾಯಿಷಿ ಕೊಟ್ಟೆ ಎಂದು ಯೋಚಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎನ್ನುವ ಮುಂಚೆಯೇ ನೀನು ಹೆಗಲು ಮುಟ್ಟಿಕೊಂಡೆ. ಯಾಕೆಂದು ಈ ವಾರ ಗೊತ್ತಾಯಿತು.

ಬುಧವಾರ ಬಂಡಿಕಾರ ಯೋಸ್ಟ್ ಬಂದಿದ್ದ. ಅವನು ಬರುವುದಾದರೆ ಆರೂ ಕುದುರೆಗಳ ಗಂಟೆ ಸದ್ದು ಗುಡ್ಡದ ತಿರುವಿನಲ್ಲೇ ಕೇಳುತ್ತಿತ್ತು. ಈ ಸಲ ಬಾಗಿಲ ಮುಂದೆ ಬಂದು ನಿಂತರೂ ತಿಳಿಯಲಿಲ್ಲ. ಗಂಟೆ ಎಲ್ಲಿ ಎಂದರೆ, "ಸೀಳು ಬಿಟ್ಟಿದ್ವು, ಕಂಚುಗಾರನಿಗೆ ಕೊಟ್ಟಿದೀನಿ" ಅಂದ. ಕುದುರೆಗೆ ನೀರು ಕುಡಿಸುತ್ತಾ ನನ್ನ ಮುಖ ನೋಡುವುದು, ನಗುವುದು. ನಾನು ಬಕೆಟ್ ಕೆಳಗಿಟ್ಟೆ.

"ಏನು ಯೋಸ್ಟ್, ಹಲ್ಲು ತೋರಿಸ್ತಿದೀಯ?"

"ನಿಮ್ಮೆಜಮಾನ್ರ ಸೇತುವೆ ಮೇಲೆ ಬಂದೆ ಕಣಮ್ಮ."

"ಹೇಗಿದೆ?"

"ಹೇಗಿರುತ್ತೆ! ಅತ್ಲಾಗೊಂದ್ಸಲ ಬಗ್ಗುತ್ತೆ, ಇತ್ಲಾಗೊಂದ್ಸಲ ಬಗ್ಗುತ್ತೆ. ಕುಡ್ದೋನ್ ಮನೆಗೆ ಹೋದಂಗೆ. ರಸ್ತೆ ನೆಟ್ಟಗಿದೆ, ನಮ್ ಕುದುರೆ ನೆಟ್ಟಗಿದಾವೆ, ಸೇತುವೆ ಮಾತ್ರ ಯಾಕಪ್ಪಾ ಹಿಂಗೆ ಅಂತ ಅಲ್ಲಿ ಒಬ್ಬನ್ನ ಕೇಳ್ದೆ."

"ಏನಂದ?"

"ಬೇಡ ಬಿಡಿ. ನಾನ್ಯಾಕೆ ಸಂಸಾರಸ್ಥರ ಮಧ್ಯ."

"ಯೋಸ್ಟ್, ಹೇಳ್ದಿದ್ರೆ ನೀರಿಲ್ಲ."

"ಹಳ್ಳದ ದಂಡೇಲಿ ಒಂದು ಖಾನಾವಳಿ ಐತೆ. ಸೇತುವೆ ಸೀದಾ ಕಟ್ಟಿದ್ರೆ ಖಾನಾವಳಿ ಪಕ್ಕಕ್ಕೆ ಬೀಳ್ತಿತ್ತಂತೆ. ಅದಕ್ಕೇ ಮೇಸ್ತ್ರಿ ಆ ಯಮ್ಮನ ಬಾಗಿಲಿಗೆ ಸರಿಯಾಗಿ ಬಗ್ಗಿಸ್ಬಿಟ್ರಂತೆ. ಊರೆಲ್ಲ ಹಂಗೇ ಅಂತೈತೆ, ನನ್ ಮಾತಲ್ಲ."

ನಾನು ಬಕೆಟ್ಟಿನಲ್ಲಿ ಉಳಿದ ನೀರನ್ನು ಅವನ ಬೂಟಿನ ಮೇಲೆ ಸುರಿದೆ.

ಅವನು ಇಲ್ಲಿಗೆ ಮಾತ್ರ ಹೇಳಿ ಹೋಗಿದ್ದರೆ ಸರಿ. ಈ ರಸ್ತೆಯ ಉದ್ದಕ್ಕೂ ಎಲ್ಲೆಲ್ಲಿ ಕುದುರೆಗೆ ನೀರು ಕುಡಿಸಿದನೋ ಅಲ್ಲೆಲ್ಲ ಹೇಳಿದ್ದಾನೆ. ಭಾನುವಾರ ಪ್ರಾರ್ಥನೆ ಮುಗಿಸಿ ಹೊರಗೆ ಬಂದಾಗ ಪಾದ್ರಿಯ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಸೇತುವೆ ಹೇಗೆ ಬರ್ತಿದೆ ತಿರ್ಜಾ?" ಎಂದು ಕೇಳಿದಳು. ಸುತ್ತ ನಿಂತವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. "ಚೆನ್ನಾಗಿ ಬರ್ತಿದೆ" ಅಂದೆ. ಮನೆಗೆ ಬಂದು ಅತ್ತೆ. ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆಬ್ನರ್, ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿಬಳಸಿ ಹೇಳಲಾರೆ. ಅವಳ ಒಲೆಯ ಮೇಲೆ ಹೊಟ್ಟೆಕಿಚ್ಚು, ಅವಳ ಮೇಜಿನ ಮೇಲೆ ಹೊಟ್ಟೆಕಿಚ್ಚು, ನೀನು ಊಟ ಮಾಡಿ ಎದ್ದ ಮೇಲೆ ತಟ್ಟೆ ಎತ್ತುವ ಅವಳ ಕೈಯ ಮೇಲೆ ಹೊಟ್ಟೆಕಿಚ್ಚು. ಅದು ನಿಜವೋ ಸುಳ್ಳೋ, ಒಂದೇ ಮಾತಿನಲ್ಲಿ ಬರೆ. ಕಮಾನು ಗಿಮಾನು ನನಗೆ ಬೇಡ.

ತಿರ್ಜಾ


ಪ್ಲಮ್ ಹಳ್ಳ
ಜೂನ್ 29, 1828

ತಿರ್ಜಾ,

ಸುಳ್ಳು.

ನೀನು ಬಂಡಿದಾರಿಯ ಪಕ್ಕದಲ್ಲೇ ಹುಟ್ಟಿ ಬೆಳೆದವಳು. ಗಂಟೆ ಇಲ್ಲದೆ ಬಂದ ಬಂಡಿಕಾರನನ್ನು ನೋಡಿಯೂ ನಿನಗೆ ಹೊಳೆಯಲಿಲ್ಲವೇ? ಕಂಚುಗಾರನಂತೆ, ಸೀಳಂತೆ! ದಾರಿಯಲ್ಲಿ ಸಿಕ್ಕಿಬಿದ್ದ ಬಂಡಿಯನ್ನು ಯಾರು ಎಳೆದು ಬಿಡಿಸುತ್ತಾನೋ ಅವನಿಗೆ ತನ್ನ ಗಂಟೆ ಬಿಚ್ಚಿ ಕೊಡಬೇಕು ಎನ್ನುವ ಕಟ್ಟಳೆಯನ್ನು ನನಗೆ ಹೇಳಿಕೊಟ್ಟವಳೇ ನೀನು.

ಯೋಸ್ಟ್ ಇಳಿಜಾರಿನಲ್ಲಿ ಕುದುರೆಗಳನ್ನು ಓಡಿಸಿಕೊಂಡು ಬಂದ. ನಿಧಾನ ನಿಧಾನ ಎಂದು ನಾವೆಲ್ಲ ಕೂಗಿದೆವು. ತಿರುವಿನಲ್ಲಿ ತಿರುಗಿಸಲು ಆಗಲಿಲ್ಲ, ಹಿಂದಿನ ಗಾಲಿ ಅರ್ಧ ಕಟ್ಟಿದ ತಡೆಗೋಡೆಗೆ ಕಚ್ಚಿಕೊಂಡಿತು. ಮಧ್ಯಾಹ್ನದವರೆಗೆ ಒದ್ದಾಡಿದ. ಕೊನೆಗೆ ಹಿಂದಿನಿಂದ ಬಂದ ಒಬ್ಬ ಬಂಡಿಕಾರ, ಯೋಸ್ಟನಿಗಿಂತ ಚಿಕ್ಕವನು, ಎಳೆದು ಬಿಡಿಸಿದ. ಆರೂ ಕುದುರೆಯ ಗಂಟೆಗಳನ್ನು ಎಲ್ಲರ ಮುಂದೆ ಬಿಚ್ಚಿ ಕೊಡಬೇಕಾಯಿತು. ಓರ್ಫಾ ನಕ್ಕೂ ನಕ್ಕೂ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಯೋಸ್ಟನಿಗೆ ಅದೇ ಉರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಸೇತುವೆ ಡೊಂಕು ಎಂದ, ಅಷ್ಟು ಸಾಲದೆ ಡೊಂಕಿಗೆ ಒಂದು ಕತೆಯನ್ನೂ ಕಟ್ಟಿದ.

ನೀರು ಸುರಿದದ್ದು ಒಳ್ಳೆಯ ಕೆಲಸ.

ಆಬ್ನರ್


ಚೆಸ್ಟ್‌ನಟ್ ಗುಡ್ಡ
ಜುಲೈ 13, 1828

ಆಬ್ನರ್,

ಯೋಸ್ಟನ ಗಂಟೆಯ ವಿಷಯ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನ ಕತೆ ಸುಳ್ಳೆಂದು ಒಪ್ಪಿದೆ.

ಆದರೆ ಮೇ ತಿಂಗಳಲ್ಲಿ ಅವಳು ಶ್ರೀಮತಿ ಟೀಗಾರ್ಡನ್ ಆಗಿದ್ದಳು. ಜೂನ್‌ನಲ್ಲಿ ಓರ್ಫಾ ಆದಳು. ಆಗಸ್ಟ್‌ನಲ್ಲಿ ಏನಾಗುತ್ತಾಳೆ?

ತಿರ್ಜಾ


ಪ್ಲಮ್ ಹಳ್ಳ
ಆಗಸ್ಟ್ 10, 1828

ತಿರ್ಜಾ,

ನಿನ್ನ ಜುಲೈ ಕಾಗದ ಬಂದ ಮೇಲೆ ಎರಡು ಕಾಗದ ಹಾಕಿದೆ, ನಿನ್ನಿಂದ ಉತ್ತರವಿಲ್ಲ. ಇಲ್ಲಿ ಎಲ್ಲರೂ ಅವಳನ್ನು ಓರ್ಫಾ ಎನ್ನುತ್ತಾರೆ, ಕೇಳಿ ಕೇಳಿ ಕೈಗೆ ಬಂತು. ಬೇರೆ ಏನಿಲ್ಲ. ಏನಿಲ್ಲ ಎನ್ನುವುದನ್ನು ಹೇಗೆ ಬರೆದರೆ ನೀನು ನಂಬುತ್ತೀಯೋ ನನಗೆ ತಿಳಿಯದು.

ಇನ್ನೊಂದು ವಿಷಯ ಹೇಳಬೇಕು. ರಸ್ತೆ ಇನ್ನೂ ಪಡುವಣಕ್ಕೆ ಹೋಗುತ್ತದೆ. ಮುಂದಿನ ಹಳ್ಳಕ್ಕೂ ಒಂದು ಸೇತುವೆ ಬೇಕು, ಅದನ್ನು ನನಗೇ ಕೊಡುತ್ತೇವೆ ಎಂದಿದ್ದಾರೆ. ಇನ್ನೆರಡು ವರ್ಷದ ಕೆಲಸ. ನಾನು ಹೂಂ ಅಂದಿಲ್ಲ, ಊಹೂಂ ಎಂದೂ ಅಂದಿಲ್ಲ. ಆ ಹಳ್ಳ ನೋಡಿಕೊಂಡು ಬಂದೆ. ಈ ಹಳ್ಳಕ್ಕಿಂತ ಅಗಲ, ತಳದಲ್ಲಿ ಬಂಡೆ ಇದೆ. ಚಂದದ ಕಮಾನು ಕೂರುತ್ತದೆ.

ನಿನ್ನ ಪೈ ಚೆನ್ನಾಗಿರುತ್ತಿತ್ತು. ಹೇಳಬೇಕೆಂದು ಆಗ ಗೊತ್ತಾಗಲಿಲ್ಲ.

ಉತ್ತರ ಬರೆ.

ಆಬ್ನರ್


ಪ್ಲಮ್ ಹಳ್ಳ
ಆಗಸ್ಟ್ 31, 1828

ಶ್ರೀಮತಿ ಗಿಲ್‌ಫಿಲನ್ ಅವರಿಗೆ,

ತಂಗಿ ಎಂದು ಬರೆಯೋಣವೆಂದುಕೊಂಡೆ, ಕೈ ಬರಲಿಲ್ಲ. ಆದರೆ ವಯಸ್ಸಿನಲ್ಲಿ ದೊಡ್ಡವಳು ನಾನು, ನೀನು ಎಂದೇ ಬರೆಯುತ್ತೇನೆ. ನಾನು ಯಾರೆಂದು ನಿನಗೆ ಗೊತ್ತು. ಯೋಸ್ಟ್ ನನ್ನ ಹೆಸರನ್ನು ಎಲ್ಲೆಲ್ಲಿ ಹಂಚಿದ್ದಾನೆ ಎಂದು ನನಗೂ ಗೊತ್ತು.

ಮೊದಲು ಸೇತುವೆಯ ವಿಷಯ. ಅದು ನನ್ನ ಬಾಗಿಲಿಗೆ ಬಗ್ಗಿದೆ ಎಂದು ನಿನಗೆ ಹೇಳಿದ್ದಾರೆ. ಒಂದು ಸಲ ಬಂದು ನೋಡು. ಸೇತುವೆ ಇಲ್ಲದಾಗ ಬಂಡಿಗಳು ನನ್ನ ಬಾಗಿಲ ಮುಂದೆಯೇ ನೀರಿಗೆ ಇಳಿಯುತ್ತಿದ್ದವು. ಇಳಿಯುವ ಮುಂಚೆ ಧೈರ್ಯಕ್ಕೆ ಒಂದು ಗುಟುಕು, ದಾಟಿ ಬಂದವರಿಗೆ ಚಳಿ ಬಿಡಲು ಒಂದು ಗುಟುಕು, ಹಳ್ಳ ತುಂಬಿದರೆ ವಾರವಿಡೀ ಇಲ್ಲೇ ಊಟ. ನಿನ್ನ ಗಂಡ ರಸ್ತೆಯನ್ನು ಹಳ್ಳದ ಮೇಲ್ಭಾಗಕ್ಕೆ ಬಗ್ಗಿಸಿದ. ಈಗ ಬಂಡಿಗಳು ನನ್ನ ಹಿತ್ತಲಿಗೆ ಧೂಳು ಹಾರಿಸಿಕೊಂಡು ಹೋಗುತ್ತವೆ, ಒಬ್ಬನೂ ನಿಲ್ಲುವುದಿಲ್ಲ. ನನ್ನ ಹೊಟ್ಟೆಯ ಮೇಲೆ ಹೊಡೆಯುವ ಸೇತುವೆ ಕಟ್ಟುತ್ತಾ ಅವನು ನನ್ನ ಮೇಜಿನಲ್ಲೇ ಕೂತು ಉಂಡ. "ಸ್ವಲ್ಪ ಈ ಕಡೆಗೆ ಬಗ್ಗಿಸೋಕಾಗಲ್ವಾ?" ಎಂದು ಕೇಳಿದೆ. "ನೀರು ಒಪ್ಪಲ್ಲ" ಅಂದ. ಅವನು ನೀರನ್ನು ಕೇಳುತ್ತಾನೆ, ಮನುಷ್ಯರನ್ನು ಕೇಳುವುದಿಲ್ಲ.

ಎರಡನೆಯದು. ಅವನು ಒಳ್ಳೆಯ ಮನುಷ್ಯ, ಕುಡಿಯುವುದಿಲ್ಲ, ಕೆಟ್ಟ ಮಾತಾಡುವುದಿಲ್ಲ. ನನ್ನ ಗಂಡ ಸತ್ತು ಐದು ವರ್ಷವಾಯಿತು. ಫೆಬ್ರವರಿಯಲ್ಲಿ ಮಂಜು ಬಿದ್ದು ಕೆಲಸವಿಲ್ಲದೆ ಕೂತಿದ್ದಾಗ ನಾನೇ ಕೇಳಿಬಿಟ್ಟೆ. "ಇಲ್ಲೇ ಇದ್ಬಿಡಿ. ಯಾರು ಬರ್ತಾರೆ ಕೇಳೋಕೆ?" ಅವನು ಅಗಿಯುವುದನ್ನು ನಿಲ್ಲಿಸಿದ. "ನಂಗೆ ಹೆಂಡ್ತಿ ಇದಾಳೆ" ಅಂದ. ಆಮೇಲೆ ಇನ್ನೊಂದು ತುಂಡು ಪೈ ಕೇಳಿದ. ನಾನು ಹಾಕಿದೆ. ಆ ಪೈಯಲ್ಲಿ ಏನಾದರೂ ಬೆರೆಸಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಬಹಳ ದಿನ ಅನ್ನಿಸಿತು.

ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚಂತೆ. ಅವನು ಹೇಳಿದ್ದಲ್ಲ, ಅವನು ಯಾರ ವಿಷಯವನ್ನೂ ಹೇಳುವುದಿಲ್ಲ. ಯೋಸ್ಟ್ ಹೇಳಿದ. ನನ್ನದನ್ನೂ ಕೇಳು. ಟಪಾಲು ಬಂಡಿಯ ಕೊಂಬಿನ ಸದ್ದು ಕೇಳಿದರೆ ಅವನ ಸುತ್ತಿಗೆ ನಿಲ್ಲುತ್ತದೆ. ಬಂಡಿ ಬಂದು ಹೋಗುವವರೆಗೆ ಅವನು ಕಲ್ಲು ಮುಟ್ಟುವುದಿಲ್ಲ. ಕಾಗದ ಇಲ್ಲ ಎಂದಾದ ಮೇಲೆ ಅವನು ಹಾಕುವ ಪೆಟ್ಟಿನ ಸದ್ದೇ ಬೇರೆ, ನನಗೆ ಅಡುಗೆಮನೆಯಲ್ಲಿ ಗೊತ್ತಾಗುತ್ತದೆ. ಜುಲೈನಿಂದ ಅದೇ ಸದ್ದು ಕೇಳುತ್ತಿದ್ದೇನೆ. ನನಗೋಸ್ಕರ ಯಾವ ಗಂಡಸೂ ಕೆಲಸ ನಿಲ್ಲಿಸಿದವನಲ್ಲ. ನಿನ್ನ ಮೇಲೆ ನನಗಿರುವ ಉರಿಯ ಮುಂದೆ ನಿನ್ನದು ಏನೂ ಅಲ್ಲ.

ಬಂದು ಅವನನ್ನು ಕರೆದುಕೊಂಡು ಹೋಗು, ಇಲ್ಲವೇ ಬಂದು ಅವನ ಜೊತೆಗಿರು. ಬರದಿದ್ದರೆ ಈ ಚಳಿಗಾಲದಲ್ಲಿ ಮತ್ತೊಮ್ಮೆ ಕೇಳುತ್ತೇನೆ. ಹೇಳಿಲ್ಲ ಎನ್ನಬೇಡ.

ಓರ್ಫಾ ಟೀಗಾರ್ಡನ್


ಪ್ಲಮ್ ಹಳ್ಳ
ಸೆಪ್ಟೆಂಬರ್ 14, 1828

ತಿರ್ಜಾ,

ಗೋಡೆ ಮುಗಿಯಿತು. ನಾಳೆ ಉಣ್ಣೆ ಹೇರಿಕೊಂಡು ಮೂಡಣಕ್ಕೆ ಹೊರಡುವ ಬಂಡಿಯಲ್ಲಿ ಬರುತ್ತಿದ್ದೇನೆ. ಓರ್ಫಾ, ಅಂದರೆ ಶ್ರೀಮತಿ ಟೀಗಾರ್ಡನ್, "ಇನ್ನು ಇಲ್ಲಿ ಊಟ ಇಲ್ಲ, ಮೊದ್ಲು ಮನೆಗೆ ಹೋಗಿ" ಎಂದು ತಟ್ಟೆ ಕಸಿದುಕೊಂಡರು.

ಈ ಕಾಗದ ನನಗಿಂತ ಮುಂಚೆ ಬರುತ್ತದೆ. ಬಾಗಿಲು ಹಾಕಿಕೊಳ್ಳಬೇಡ.

ಆಬ್ನರ್


ಚೆಸ್ಟ್‌ನಟ್ ಗುಡ್ಡ
ಸೆಪ್ಟೆಂಬರ್ 28, 1828

ತಿರ್ಜಾ,

ಈ ಕಾಗದ ಎಲ್ಲಿಗೆ ಹಾಕಬೇಕೆಂದು ತಿಳಿಯದೆ ಎರಡು ದಿನ ಕಳೆದೆ. ನೀನು ಪಡುವಣದ ಟಪಾಲು ಬಂಡಿ ಹತ್ತಿದೆ ಎಂದು ಪಾದ್ರಿಯ ಹೆಂಡತಿ ಹೇಳಿದಳು. ಎಲ್ಲಿಗೆಂದು ಹೇಳಲಿಲ್ಲವಂತೆ. ಪ್ಲಮ್ ಹಳ್ಳಕ್ಕೇ ಹಾಕುತ್ತಿದ್ದೇನೆ, ಅಲ್ಲಿ ಇದ್ದರೆ ಓದು, ಇಲ್ಲದಿದ್ದರೆ ಓರ್ಫಾ ಓದಿ ನಗಲಿ. ನಾನು ನಿನಗೆ ಹಾಕಿದ ಕಾಗದವನ್ನು ಅಂಚೆಯವನು ನನ್ನ ಕೈಗೇ ಕೊಟ್ಟು ನನ್ನಿಂದಲೇ ದುಡ್ಡು ವಸೂಲು ಮಾಡಿದ.

ಬಾಗಿಲು ತೆಗೆದರೆ ಎದುರಿಗೆ ಗೂಟದಲ್ಲಿ ಗಂಡಸಿನ ಟೋಪಿ. ನನ್ನದಲ್ಲ. ಹೊಸ್ತಿಲ ಪಕ್ಕದಲ್ಲಿ ಬೂಟು. ನನ್ನವಲ್ಲ. ನನ್ನ ಕಾಲು ಅದರೊಳಗೆ ಅಲ್ಲಾಡುತ್ತದೆ, ಯಾರೋ ದೊಡ್ಡ ಆಳು. ಬೂಟಿನ ಕೆಳಗೆ ಹೊಸ ಕೆಸರು! ಹಳೆಯ ಬೂಟು ಮೂಲೆಯಲ್ಲಿ ಬಿದ್ದಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳೋಣವೆಂದರೆ ಆ ಕೆಸರು ಬಿಡುವುದಿಲ್ಲ. ಹಿತ್ತಲಿನಲ್ಲಿ ಚಳಿಗಾಲಕ್ಕಾಗುವಷ್ಟು ಸೌದೆ ಒಡೆದು ಒಟ್ಟಿದೆ. ಮೇಜಿನ ತುದಿಯಲ್ಲಿ, ನಾನು ಕೂರುವ ಜಾಗದಲ್ಲಿ, ಒಂದು ಹೊಗೆಸೊಪ್ಪಿನ ಕೊಳವೆ.

ಯಾರವನು?

ನೀನು ನನಗೆ ಒಂದು ಪೈಗೋಸ್ಕರ, ಒಂದು ಹೆಸರಿಗೋಸ್ಕರ ಎಷ್ಟು ಬರೆದೆ! ನಾನು ತಲೆ ತಗ್ಗಿಸಿ ಓದಿದೆ. ಇಲ್ಲಿ ನನ್ನ ಕುರ್ಚಿಯಲ್ಲೇ ಒಬ್ಬ ಕೂತಿದ್ದಾನೆ. ಹೋದವನು ಬೂಟು ಬಿಟ್ಟು ಬರಿಗಾಲಿನಲ್ಲಿ ಹೋಗಿರಲಾರ, ಬರುತ್ತಾನೆ ಎಂದು ಬಾಗಿಲ ಹಿಂದೆ ಸುತ್ತಿಗೆ ಹಿಡಿದು ಕಾಯುತ್ತಿದ್ದೇನೆ. ಬಂದವರೆಲ್ಲ ಹೆಂಗಸರೇ. ನನ್ನನ್ನು ನೋಡಲು ಬರುತ್ತಾರೆ, ಬಾಗಿಲಲ್ಲೇ ನಿಂತು "ಚೆನ್ನಾಗಿದೀರಾ?" ಎಂದು ಕೇಳುತ್ತಾರೆ. ಅವರಿಗೆಲ್ಲ ಗೊತ್ತಿದೆ. ಗೊತ್ತಿಲ್ಲದವನು ನಾನೊಬ್ಬ.

ಊಟ ಸೇರುವುದಿಲ್ಲ. ಕಲ್ಲಿನ ಕೆಲಸವಾದರೂ ಇದ್ದರೆ ಒಡೆಯುತ್ತಿದ್ದೆ. ನಿನ್ನೆ ನಿನ್ನ ಹಿತ್ತಲಿನ ಬೇಲಿಗೆ ಒರಗಿಸಿದ್ದ ಬೀಸುಗಲ್ಲನ್ನೇ ಒಡೆದುಹಾಕಿದೆ. ಇಷ್ಟು ದಿನ ನಿನಗೆ ಹೀಗೆಯೇ ಆಗುತ್ತಿತ್ತೇ? ಹಾಗಿದ್ದರೆ ನೀನು ನನಗಿಂತ ಗಟ್ಟಿ.

ಅವನ ಹೆಸರು ಬರೆ. ಬೇರೆ ಏನೂ ಬೇಡ.

ಆಬ್ನರ್


ಪ್ಲಮ್ ಹಳ್ಳ, ಓಹಾಯೊ
ಅಕ್ಟೋಬರ್ 5, 1828

ಆಬ್ನರ್,

ದಾರಿಯಲ್ಲಿ ವೀಲಿಂಗ್ ಊರಿನ ಹತ್ತಿರ ಯಾವುದಾದರೂ ಟಪಾಲು ಬಂಡಿ ನಿನ್ನ ಮೇಲೆ ಕೆಸರು ಹಾರಿಸಿಕೊಂಡು ಹೋಗಿದ್ದರೆ ಅದರೊಳಗೆ ನಾನಿದ್ದೆ. ನಿನ್ನ ಉಣ್ಣೆ ಬಂಡಿಗೆ ನಾವು ಎದುರಾಗಿ ದಾಟಿ ಹೋಗಿರಬೇಕು. ಓರ್ಫಾ ನನಗೆ ಬಾ ಎಂದು ಬರೆದು, ನಿನಗೆ ಹೋಗು ಎಂದಳಲ್ಲ, ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ, "ಇಬ್ರಲ್ಲಿ ಒಬ್ರಾದ್ರೂ ಮಾತು ಕೇಳಲ್ಲ ಅಂದ್ಕೊಂಡೆ ಕಣೇ, ಇಬ್ರೂ ಕೇಳ್ಬಿಟ್ರಲ್ಲ!" ಎನ್ನುತ್ತಾಳೆ.

ಅವಳು ನಾನು ಎಣಿಸಿದ್ದಕ್ಕಿಂತ ಚೆಂದ ಇದ್ದಾಳೆ. ಹಲ್ಲು ಇವೆ ಎಂದಷ್ಟೇ ಬರೆದಿದ್ದೆಯಲ್ಲ, ಕೂದಲಿನ ವಿಷಯ ಮುಚ್ಚಿಟ್ಟಿದ್ದೆ. ಪೈ ಕೂಡ ನನ್ನದಕ್ಕಿಂತ ಒಂದು ಕೈ ಮೇಲೆಯೇ. ತಿನ್ನುವಾಗ ಹೊಟ್ಟೆ ಉರಿಯಿತು, ಎರಡು ತುಂಡು ತಿಂದೆ. ನಾವಿಬ್ಬರೂ ಸ್ನೇಹಿತರಾದೆವು ಎಂದುಕೊಳ್ಳಬೇಡ. ಒಂದೇ ಒಲೆಯ ಮುಂದೆ ಕೂರುತ್ತೇವೆ, ಅಷ್ಟೇ.

ಸೇತುವೆ ನೋಡಿದೆ. ಈ ತುದಿಯಿಂದ ಆ ತುದಿಗೆ ನಡೆದೆ, ಕೆಳಗಿಳಿದು ಕಮಾನಿನ ಅಡಿಯಲ್ಲೂ ನಿಂತೆ. ಬಗ್ಗಿರುವುದು ನೀರಿಗೆ, ನಿಜ. ಕಲ್ಲಿಗೂ ಕಲ್ಲಿಗೂ ನಡುವೆ ಉಗುರು ಕೂಡ ಹೋಗುವುದಿಲ್ಲ. ಒಂದೊಂದು ಕಲ್ಲನ್ನೂ ಎಷ್ಟು ಹೊತ್ತು ಮುಟ್ಟಿರಬೇಕು ನೀನು! ಈ ಸೇತುವೆ ಹೆಂಗಸಾಗಿದ್ದರೆ ಜುಟ್ಟು ಹಿಡಿಯಬಹುದಿತ್ತು. ಇದನ್ನು ಏನು ಮಾಡಲಿ? ಸ್ವಲ್ಪ ಹೊತ್ತು ಗೋಡೆಯ ಮೇಲೆ ಕೂತು ಎದ್ದು ಬಂದೆ.

ನಿನ್ನ ಕಾಗದ ನಿನ್ನೆ ಬಂತು. ಓರ್ಫಾಳಿಗೆ ಓದಿ ಹೇಳಿದೆ. ಸುತ್ತಿಗೆ ಹಿಡಿದು ಕಾಯುವ ಕಡೆ ಬಂದಾಗ ಅವಳು ಬಿದ್ದು ಬಿದ್ದು ನಕ್ಕಳು. ನಾನೂ ನಗಲು ಹೋದೆ, ಆಗಲಿಲ್ಲ. ಅವಳು ನನ್ನ ಮುಖ ನೋಡಿ ಕಾಗದ ತೆಗೆದು ಮಡಿಸಿಟ್ಟಳು.

ಅವನು ಯಾರೆಂದು ಕೇಳಿದ್ದೀಯ. ಹೇಳುತ್ತೇನೆ.

ಹೋದ ವರ್ಷ ನವೆಂಬರ್‌ನಲ್ಲಿ ದನ ಹೊಡೆದುಕೊಂಡು ಹೋಗುವ ಇಬ್ಬರು ನೀರು ಕೇಳಿಕೊಂಡು ಬಂದರು. ಕುಡಿದರು. "ಯಜಮಾನ್ರು ಎಲ್ಲಿ?" ಎಂದರು. ನಾನು ಇದ್ದದ್ದನ್ನೇ ಹೇಳಿಬಿಟ್ಟೆ. ಹೇಳಿದ ಮೇಲೆ ಅವರು ಹೋಗಲಿಲ್ಲ. ಒಬ್ಬ ಒಳಗೆ ಬಂದು ನಿನ್ನ ಕುರ್ಚಿಯಲ್ಲಿ ಕೂತ. ನಾನು ಒಲೆಯ ಸಲಾಕೆ ಹಿಡಿದು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಅವರು ನಕ್ಕರು, ಏನೇನೋ ಅಂದರು, ದನ ಚದುರಿದವು ಎಂದು ಕಡೆಗೆ ಎದ್ದು ಹೋದರು. ಏನೂ ಆಗಲಿಲ್ಲ. ನಿನಗೆ ಬರೆಯಲಿಲ್ಲ, ಬರೆದರೆ ಏನು ಮಾಡುತ್ತಿದ್ದೆ, ನೀನು ಅಲ್ಲಿ ಹಿಮಗಡ್ಡೆ ಕಾಯುತ್ತಿದ್ದೆ.

ಆ ವಾರವೇ ಸತ್ತ ಕಮ್ಮಾರನ ಮನೆಯ ಹರಾಜಿಗೆ ಹೋಗಿ ಟೋಪಿ, ಬೂಟು, ಕೊಳವೆ ಮೂರನ್ನೂ ತಂದೆ. ನಿನಗಿಂತ ದೊಡ್ಡ ಕಾಲಿನವನನ್ನೇ ಆರಿಸಿದೆ, ನೋಡಿದವರು ಹೆದರಬೇಕಲ್ಲ. ಮಳೆ ಬಂದಾಗಲೆಲ್ಲ ಆ ಬೂಟು ಹಾಕಿಕೊಂಡು ಅಂಗಳದಲ್ಲಿ ನಡೆದಾಡಿ ಕೆಸರು ಮಾಡಿ ಹೊಸ್ತಿಲ ಪಕ್ಕ ಇಡುತ್ತಿದ್ದೆ. ಇಲ್ಲಿಗೆ ಹೊರಡುವ ದಿನವೂ ಇಟ್ಟು ಬಂದೆ. ಬಂಡಿ ಬಂದು ನಿಂತರೆ ಒಳಗೆ ತಿರುಗಿ, "ರೀ, ಯಾರೋ ಬಂದಿದಾರೆ, ಏಳ್ರೀ" ಎಂದು ಕೂಗುತ್ತಿದ್ದೆ. ಸೌದೆ ಒಡೆದವಳು ನಾನೇ. ಊರಿನ ಹೆಂಗಸರಿಗೆಲ್ಲ ಇದು ಗೊತ್ತು, ಅದಕ್ಕೇ ನಿನ್ನನ್ನು ನೋಡಲು ಬಂದರು. ಇಷ್ಟು ದಿನ ಕೂಗಿದ್ದಕ್ಕೆ ಕೊನೆಗೂ ಒಬ್ಬ ಎದ್ದು ಬಂದನಲ್ಲ ಎಂದು.

ಅವನ ಮೇಲೆ ನಿನಗೆ ಹೊಟ್ಟೆಕಿಚ್ಚಾಯಿತಲ್ಲ, ಆಗಲಿ. ಜನವರಿಯಲ್ಲಿ ಒಲೆಯ ಹೊಗೆಗೂಡಿಗೆ ಬೆಂಕಿ ಹತ್ತಿಕೊಂಡಾಗ ಮನೆಯಲ್ಲಿದ್ದವನು ಅವನು. ನಾನು ಕೆಮ್ಮಿ ಕೆಮ್ಮಿ ಮಲಗಿದ್ದಾಗ ಬಾಗಿಲಲ್ಲಿದ್ದವನು ಅವನು. ಅವನೂ ಮಾತಾಡುವುದಿಲ್ಲ, ಆದರೆ ಕ್ರಿಸ್‌ಮಸ್‌ಗೆ ಬರುತ್ತೇನೆಂದು ಹೇಳಿ ತಪ್ಪಿಸಿದವನಲ್ಲ.

ಮುಂದಿನ ಹಳ್ಳದ ಕೆಲಸಕ್ಕೆ ಹೂಂ ಎನ್ನು. ನಾನು ಹೋಗಿ ಜಾಗ ನೋಡಿಕೊಂಡು ಬಂದೆ, ದಂಡೆಯಲ್ಲಿ ಎರಡು ಕೋಣೆಯ ಗುಡಿಸಲು ಕಟ್ಟುವಷ್ಟು ಸಮ ನೆಲ ಇದೆ. ಹಸು, ಕರು ಹೊಡೆದುಕೊಂಡು ಬಾ. ಬೀಸುಗಲ್ಲು ಹೊಸದು ಕಡಿದುಕೊಡಬೇಕು.

ಟೋಪಿ, ಬೂಟು ಅಲ್ಲೇ ಇರಲಿ. ಮನೆ ಕಾಯಲು ಅವನು ಸಾಕು, ಅವನಿಗೆ ಅಭ್ಯಾಸವಾಗಿದೆ. ನೀನು ಬಾ.

ತಿರ್ಜಾ